‘ದ್ವೀಪದಲ್ಲಿ ಒಬ್ಬಳೇ ಇರ್ತೀನಿ’ ಅನ್ನುವ ಮಗಳಿಗೆ ಏನು ಹೇಳಲಿ?

ಈ ದ್ವೀಪದ ಜ್ವರ ನಮ್ಮ ಮನೆಗೂ 2024ರ ಬೇಸಿಗೆಯಲ್ಲಿ ಬಂದಿತ್ತು, ಹಾಗಾಗಿ ಅನುಭವದಿಂದ ಹೇಳುತ್ತೇನೆ. ನಿಮ್ಮ ಎಂಟು ವರ್ಷದ ಮಗಳು ‘ನಿಮ್ಸ್ ಐಲ್ಯಾಂಡ್’ ಸಿನಿಮಾ ನೋಡಿದಾಗಿನಿಂದ ಎಲ್ಲದಕ್ಕೂ ‘ನಾನೇ ಮಾಡ್ಕೋತೀನಿ, ನೀವು ಹೋಗಿ’ ಅನ್ನುತ್ತಾಳೆ. ಅಪಾರ್ಟ್‌ಮೆಂಟಿನಲ್ಲಿ ಬೆಳೆಯುವ ಮಗುವಿಗೆ ಈ ಹುಚ್ಚು ಒಳ್ಳೆಯದಾ, ಹಾಗೆ ಯಾರಾದರೂ ನಿಜವಾಗಿ ಬದುಕಿದ್ದುಂಟಾ ಅಂತ ಕೇಳಿದ್ದೀರಿ. ಮೊದಲನೆಯದಕ್ಕೆ ಉತ್ತರ: ಒಳ್ಳೆಯದೇ, ಆದರೆ ಅವಳ ಕೈಗೆ ನಿಜವಾದ ಕೆಲಸ ಕೊಟ್ಟರೆ ಮಾತ್ರ. ಎರಡನೆಯದಕ್ಕೆ: ಉಂಟು. ಅದನ್ನು ಕೊನೆಗೆ ಹೇಳುತ್ತೇನೆ, ಅದು ಅಷ್ಟು ಸಲೀಸಾದ ಕತೆಯಲ್ಲ.

ಸಿನಿಮಾ 2008ರದ್ದು. ವೆಂಡಿ ಆರ್ ಬರೆದ ಮಕ್ಕಳ ಪುಸ್ತಕ ಅದಕ್ಕಿಂತ ಹಳೆಯದು. ನಿಮ್ ಅನ್ನುವ ಹುಡುಗಿ, ಸಮುದ್ರಜೀವಿಗಳನ್ನು ಅಧ್ಯಯನ ಮಾಡುವ ಅಪ್ಪ, ಇಬ್ಬರೇ ಒಂದು ದ್ವೀಪದಲ್ಲಿ. ಅಪ್ಪ ಪ್ಲ್ಯಾಂಕ್ಟನ್ ಅನ್ನುವ ಸೂಕ್ಷ್ಮ ಸಮುದ್ರಜೀವಿಗಳನ್ನು ಹುಡುಕಿಕೊಂಡು ದೋಣಿಯಲ್ಲಿ ಹೋದವನು ಬಿರುಗಾಳಿಗೆ ಸಿಕ್ಕಿ ತಿರುಗಿ ಬರುವುದಿಲ್ಲ. ಆಮೇಲೆ ನಿಮ್‌ನ ಸಹಾಯಕ್ಕೆ ಬರುವ ಪಟ್ಟಣದ ಲೇಖಕಿ ಎಡವಿ ಬೀಳುವ ಹಾಸ್ಯ ನನಗೆ ಅತಿ ಅನಿಸಿತು, ಮಗಳು ಮಾತ್ರ ಬಿದ್ದು ಬಿದ್ದು ನಕ್ಕಳು. ಆದರೆ ಸಿನಿಮಾ ಮುಗಿದ ಮೇಲೆ ಅವಳು ಆಡಿದ್ದು ಬಿರುಗಾಳಿಯ ಆಟವನ್ನೂ ಅಲ್ಲ, ಜ್ವಾಲಾಮುಖಿಯದ್ದೂ ಅಲ್ಲ. ಬೆಂಗಳೂರಿನ ಹನುಮಂತನಗರದಲ್ಲಿ ನಾವಿರುವ ಬಾಡಿಗೆ ಮನೆಯ ತಾರಸಿಗೆ ಒಂದು ಹಳೇ ಬೆಡ್‌ಶೀಟು, ಎರಡು ಬಕೆಟ್ಟು, ಒಂದು ಪುಸ್ತಕ ತೆಗೆದುಕೊಂಡು ಹೋದಳು. ಪುಸ್ತಕದಲ್ಲಿ ‘ಇವತ್ತಿನ ಕೆಲಸಗಳು’ ಅಂತ ಪಟ್ಟಿ. ಅವತ್ತಿನಿಂದ ನಾನು ಬಟ್ಟೆ ಒಣಹಾಕಲು ಹೋದರೂ ‘ದ್ವೀಪಕ್ಕೆ ಬರೋಕೆ ಪರ್ಮಿಷನ್ ಕೇಳಿದ್ರಾ?’ ಅನ್ನೋಳು.

ಆ ಪಟ್ಟಿ ನೋಡಿದಾಗ ನನಗೆ ಹೊಳೆಯಿತು. ಇಂಥ ಕತೆಗಳಲ್ಲಿ ಮಕ್ಕಳನ್ನು ಹಿಡಿದು ಕೂರಿಸುವುದು ಅಪಾಯವಲ್ಲ, ಕೆಲಸ. ನಿಮ್ ಮಾಡದಿದ್ದರೆ ಆ ಕೆಲಸ ಆಗುವುದಿಲ್ಲ. ನಮ್ಮ ಮಕ್ಕಳಿಗೆ ನಾವು ಕೊಡುವ ಕೆಲಸವೋ, ‘ಪುಟ್ಟಾ, ಈ ಲೋಟ ಸಿಂಕಿಗೆ ಹಾಕು’ ಅನ್ನುವಂಥದ್ದು. ಅವಳು ಹಾಕದಿದ್ದರೆ ನಾವೇ ಹಾಕುತ್ತೇವೆ ಅನ್ನುವುದು ಅವಳಿಗೆ ಗೊತ್ತು.

ಆ ಬೇಸಿಗೆ ನಿಮಗೂ ನೆನಪಿರಬೇಕು. ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್‌ಗೆ ಫೋನ್ ಹಚ್ಚಿ ಹಚ್ಚಿ ಸಾಕಾಗಿತ್ತು. ನಿಮ್ ಕುಡಿಯೋ ನೀರಿಗೆ ಏನು ಮಾಡ್ತಾಳೆ, ಸುತ್ತ ಸಮುದ್ರ ಇದೆಯಲ್ಲ ಅಂತ ಮಗಳು ಕೇಳಿದಳು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅಡುಗೆಮನೆಯ ತಕ್ಕಡಿಯಲ್ಲಿ ಅಷ್ಟು ಉಪ್ಪು ತೂಗಿ ನೀರಿಗೆ ಹಾಕಿ ಕಲಕಿ, ಒಂದೇ ಒಂದು ಗುಟುಕು ಬಾಯಿಗಿಟ್ಟುಕೊಂಡು ಉಗುಳು ಅಂದೆ. ಮುಖ ನೋಡಬೇಕಿತ್ತು. ನಮ್ಮ ಮೂತ್ರಪಿಂಡ ಅಷ್ಟು ಉಪ್ಪುಪ್ಪಾದ ಮೂತ್ರ ಮಾಡಲಾರದು, ಕುಡಿದ ಉಪ್ಪನ್ನು ಹೊರಗೆ ಹಾಕಲು ಮೈಯೊಳಗಿನ ನೀರನ್ನೇ ಖರ್ಚು ಮಾಡುತ್ತದೆ, ಅದಕ್ಕೇ ಕುಡಿದಷ್ಟೂ ಬಾಯಾರಿಕೆ ಅಂತ ವಿವರಿಸಿದೆ. ಪುಸ್ತಕದಲ್ಲಿ ನಿಮ್‌ನ ಗೆಳೆಯ ಫ್ರೆಡ್ ಇದ್ದಾನಲ್ಲ, ಅವನು ಸಾಗರ ಇಗುವಾನಾ, ದೊಡ್ಡ ಹಲ್ಲಿಯಂಥ ಪ್ರಾಣಿ. ನಿಜ ಜೀವನದಲ್ಲಿ ಆ ಜಾತಿ ಇರುವುದು ಗಲಪಾಗಸ್ ದ್ವೀಪಗಳಲ್ಲಿ ಮಾತ್ರ. ಅದು ಹೆಚ್ಚಾದ ಉಪ್ಪನ್ನು ಮೂಗಿನಿಂದ ಸೀನಿ ಹೊರಗೆ ಹಾಕುತ್ತದೆ. ಇದನ್ನು ಹೇಳಿದ್ದೇ ತಪ್ಪಾಯಿತು, ವಾರವಿಡೀ ಮನೆಯಲ್ಲಿ ಸೀನೋ ಸೀನು.

ಮತ್ತೆ ನಮ್ಮ ನೀರು ಎಲ್ಲಿಂದ ಬರುತ್ತೆ ಅನ್ನುವ ಮಾತು ಬಂತು. ಕಾವೇರಿ ನೀರನ್ನು ತೊರೆಕಾಡನಹಳ್ಳಿ ಕಡೆಯಿಂದ ಸುಮಾರು 100 ಕಿಲೋಮೀಟರ್ ದೂರ, ಹತ್ತಿರಹತ್ತಿರ 500 ಮೀಟರ್ ಎತ್ತರಕ್ಕೆ ಪಂಪ್ ಮಾಡಿ ತರುತ್ತಾರೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಿಮ್ ಆಗಿದ್ರೆ ಇಷ್ಟು ದೂರದ ನೀರನ್ನ ನಂಬ್ಕೊಂಡು ಕೂರ್ತಿರ್ಲಿಲ್ಲ’ ಅಂದಳು.

ಅವತ್ತೇ ಮನೆಯ ನೀರಿನ ಉಸ್ತುವಾರಿ ಅವಳಿಗೆ ಕೊಟ್ಟೆವು. ಕಾವೇರಿ ನೀರು ಬಿಡುವ ದಿನ ಕ್ಯಾಲೆಂಡರಿನಲ್ಲಿ ಗುರುತು ಮಾಡುವುದು, ಮೋಟರ್ ಹಾಕುವುದು, ಸಿಂಟೆಕ್ಸ್ ತುಂಬಿದ ಕೂಡಲೇ ಆಫ್ ಮಾಡುವುದು. ಎರಡು ಕಟ್ಟುನಿಟ್ಟು: ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟುವಂತಿಲ್ಲ, ಸಂಪಿನ ಮುಚ್ಚಳ ಯಾವ ಕಾರಣಕ್ಕೂ ತೆಗೆಯುವಂತಿಲ್ಲ. ಈ ಎರಡನೆಯದರಲ್ಲಿ ನೀವೂ ಸಡಿಲ ಬಿಡಬೇಡಿ. ಸಂಪಿಗೆ ಬಿದ್ದ ಮಕ್ಕಳ ಸುದ್ದಿ ನಮ್ಮ ಊರಿನಲ್ಲಿ ಎಷ್ಟು ಸಲ ಓದಿಲ್ಲ.

ಮೂರನೇ ವಾರ ಅವಳು ಮೋಟರ್ ಹಾಕಿ ದ್ವೀಪಕ್ಕೆ ಹೋಗಿ ಪುಸ್ತಕದಲ್ಲಿ ಮುಳುಗಿಬಿಟ್ಟಳು. ಟ್ಯಾಂಕು ತುಂಬಿ ತಾರಸಿಯಿಂದ ನೀರು ಧೋ ಅಂತ ಇಳಿಯಿತು, ಅದೂ ಆ ಬೇಸಿಗೆಯಲ್ಲಿ. ಕೆಳಗಿನಿಂದ ಓನರ್ ಆಂಟಿ ‘ನೀರು ಹೋಗ್ತಿದೆ ಕಣ್ರೀ!’ ಅಂತ ಕೂಗಿದ್ದು ಇಡೀ ರಸ್ತೆಗೆ ಕೇಳಿಸಿತು. ನಾನು ಓಡಿ ಹೋಗಿ ಆಫ್ ಮಾಡಿ, ಇನ್ನು ಸಾಕು ಈ ಆಟ, ನಾಳೆಯಿಂದ ನಾನೇ ನೋಡ್ಕೋತೀನಿ ಅಂದೆ. ಆಗ ನಮ್ಮತ್ತೆ ಊರಿಂದ ಬಂದಿದ್ದರು. ಹೊನ್ನಾವರ ಕಡೆಯವರು. ‘ಎಂತಕ್ಕೆ ಕಸ್ಕೊಳ್ತೆ ತಂಗಿ? ಒಂದ್ಸಲ ಚೆಲ್ಲಿದವ್ಳು ಇನ್ನೊಂದ್ಸಲ ಚೆಲ್ಲೂದಿಲ್ಲ’ ಅಂದರು. ಚೆಲ್ಲಿದಳು, ಇನ್ನೊಂದು ಸಲ. ಆಮೇಲೆ ಅಡುಗೆಮನೆಯ ಟೈಮರ್ ಕುತ್ತಿಗೆಗೆ ನೇತುಹಾಕಿಕೊಳ್ಳುವ ಉಪಾಯ ಅವಳೇ ಕಂಡುಕೊಂಡಳು. ಅಲ್ಲಿಂದ ಮುಂದೆ ತೊಂದರೆಯಾಗಿಲ್ಲ.

ಅದೇ ಅತ್ತೆ ಅವಳಿಗೆ ತೆಂಗಿನ ಗರಿ ಹೆಣೆಯುವುದನ್ನು ಕಲಿಸಿದರು. ಪಕ್ಕದ ಸೈಟಿನಲ್ಲಿ ಬಿದ್ದಿದ್ದ ಒಂದು ಗರಿಯನ್ನು ಮೊಮ್ಮಗಳೂ ಅಜ್ಜಿಯೂ ಎಳೆದುಕೊಂಡು ಬಂದು ಮೂರು ಮಧ್ಯಾಹ್ನ ಕೂತು ಹೆಣೆದರು. ದ್ವೀಪಕ್ಕೆ ಮಾಡು ಬಂತು. ಯೂಟ್ಯೂಬಿನಲ್ಲಿ ಹುಡುಕಬೇಡಿ, ನಿಮ್ಮ ಮನೆಯಲ್ಲಿ ಅಥವಾ ಊರಲ್ಲಿ ಇದು ಗೊತ್ತಿರುವ ಒಬ್ಬರು ಇದ್ದೇ ಇರುತ್ತಾರೆ.

‘ನೀವು ಹೋಗಿ’ ಅನ್ನುತ್ತಾಳೆ ಅಂತ ಬೇಜಾರು ಮಾಡಿಕೊಂಡಿದ್ದೀರಲ್ಲ, ಮತ್ತೊಮ್ಮೆ ಅವಳ ಜೊತೆ ಕೂತು ಸಿನಿಮಾ ನೋಡಿ. ಅಷ್ಟು ಗಟ್ಟಿ ಹುಡುಗಿ ನಿಮ್ ಕಾಲಿಗೆ ಗಾಯವಾಗಿ, ಅಪ್ಪ ಬಾರದೆ, ಕೊನೆಗೆ ಇಮೇಲಿನಲ್ಲಿ ಸಹಾಯ ಕೇಳುತ್ತಾಳೆ. ಬರುವುದು ಯಾರು? ತನ್ನ ಮನೆಯ ಬಾಗಿಲು ದಾಟಲೂ ಹೆದರುವ ಲೇಖಕಿ. ಇದನ್ನು ಮಗಳಿಗೆ ಬಿಡಿಸಿ ಹೇಳುವ ಅಗತ್ಯವಿಲ್ಲ. ನಮ್ಮವಳು ಮೋಟರ್ ಏರ್‌ಲಾಕ್ ಆದ ದಿನ ತಾನಾಗಿ ಬಂದು ‘ಅಮ್ಮಾ, ಇದು ನನ್ನ ಕೈಲಿ ಆಗಲ್ಲ’ ಅಂದಳು.

ಇನ್ನು ನಿಜದ ಕತೆ. ಅಮೆರಿಕದ ಕ್ಯಾಲಿಫೋರ್ನಿಯಾ ಕರಾವಳಿಯಾಚೆ ಸ್ಯಾನ್ ನಿಕೊಲಸ್ ಅನ್ನುವ ದ್ವೀಪವಿದೆ. ದಡದಿಂದ ಸುಮಾರು 100 ಕಿಲೋಮೀಟರ್. ನಮಗೆ ಮಂಡ್ಯ ಎಷ್ಟು ದೂರವೋ ಅಷ್ಟು, ನಡುವೆ ಪೂರಾ ಸಮುದ್ರ. ಗಾಳಿ ಹೊಡೆಯುವ, ಮರಗಿಡ ಹೆಚ್ಚಿಲ್ಲದ ಜಾಗ. ನೀರುನಾಯಿಗಳ ಚರ್ಮಕ್ಕಾಗಿ ಹೊರಗಿನಿಂದ ಬಂದ ಬೇಟೆಗಾರರು ಅಲ್ಲಿನ ಮೂಲನಿವಾಸಿಗಳನ್ನು ಕೊಂದಿದ್ದರು. ಉಳಿದ ಕೆಲವರನ್ನು 1835ರಲ್ಲಿ ಹಡಗಿನಲ್ಲಿ ದಡಕ್ಕೆ ಸಾಗಿಸಿದಾಗ ಒಬ್ಬ ಹೆಂಗಸು ದ್ವೀಪದಲ್ಲೇ ಉಳಿದಳು. ಮಗುವಿಗಾಗಿ ಹಡಗಿನಿಂದ ಹಾರಿದಳು ಅನ್ನುವ ಕತೆ ಇದೆ, ಅದನ್ನು ನಾನು ಕತೆ ಅಂತಲೇ ಹೇಳುತ್ತೇನೆ. 1853ರಲ್ಲಿ ಜಾರ್ಜ್ ನಿಡೆವರ್ ಅನ್ನುವ ಬೇಟೆಗಾರನ ತಂಡಕ್ಕೆ ಅವಳು ಸಿಕ್ಕಳು. ಹದಿನೆಂಟು ವರ್ಷ!

ಅಷ್ಟು ವರ್ಷ ಅವಳು ಹೇಗೆ ಬದುಕಿದಳು ಅನ್ನುವುದೇ ನಮ್ಮ ಮಗಳಿಗೆ ಹಬ್ಬ. ತಿಮಿಂಗಿಲದ ಎಲುಬು ನೆಟ್ಟು ಕಟ್ಟಿದ ಆಸರೆ. ನೀರುಕಾಗೆಯ ಗರಿಗಳಿಂದ ಹೊಲಿದ ಉಡುಪು. ಹುಲ್ಲು ಹೆಣೆದು, ದಡಕ್ಕೆ ಬಂದು ಬೀಳುವ ಡಾಂಬರನ್ನು ಬಳಿದು, ನೀರು ಸೋರದಂತೆ ಮಾಡಿದ ಸೀಸೆ. ಕೊನೆಯದನ್ನು ಕೇಳಿದ ಕೂಡಲೇ ನಮ್ಮವಳು ಗರಿಯ ಚಾಪೆ ತಂದು ರಸ್ತೆಯ ಡಾಂಬರು ಕೆರೆಯಲು ಹೊರಟಿದ್ದಳು, ತಡೆದೆ. ಆ ಹೆಂಗಸು ಸಿಕ್ಕಾಗ ಹೆದರಿ ಓಡಲಿಲ್ಲ, ನಗುನಗುತ್ತಾ ಬರಮಾಡಿಕೊಂಡಳು ಅನ್ನುವುದನ್ನೂ ಮರೆಯದೆ ಹೇಳಿ.

ಆಮೇಲಿನದ್ದು ಕಷ್ಟ. ಅವಳನ್ನು ಸ್ಯಾಂಟಾ ಬಾರ್ಬರಾಕ್ಕೆ ಕರೆತಂದರು. ಅವಳ ಮಾತು ಅಲ್ಲಿ ಯಾರಿಗೂ ಅರ್ಥವಾಗಲಿಲ್ಲ ಅನ್ನುತ್ತಾರೆ. ಬರೆದಿಟ್ಟದ್ದು ನಾಲ್ಕು ಪದ, ಅದರಲ್ಲಿ ಒಂದು ಆಕಾಶ ಅನ್ನುವುದಕ್ಕೆ. ಏಳು ವಾರದಲ್ಲಿ ಆಮಶಂಕೆಯಿಂದ ತೀರಿಕೊಂಡಳು. ಹುವಾನಾ ಮರಿಯಾ ಅನ್ನುವುದು ಪಾದ್ರಿಗಳು ಇಟ್ಟ ಹೆಸರು, ಅವಳ ಸ್ವಂತ ಹೆಸರು ಉಳಿದಿಲ್ಲ. ಸ್ಕಾಟ್ ಓಡೆಲ್ 1960ರಲ್ಲಿ ಇವಳ ಬದುಕನ್ನೇ ಆಧರಿಸಿ ಮಕ್ಕಳಿಗೆ ಕಾದಂಬರಿ ಬರೆದರು. ಅದರಲ್ಲಿ ಅವಳನ್ನು ಚಿಕ್ಕ ಹುಡುಗಿ ಮಾಡಿದ್ದಾರೆ. ನಿಜದಲ್ಲಿ ಅವಳು ದೊಡ್ಡ ಹೆಂಗಸು.

ಎಂಟು ವರ್ಷಕ್ಕೆ ಎಲ್ಲಿಯವರೆಗೆ ಹೇಳಬೇಕು ಅನ್ನುವುದು ನಿಮಗೇ ಬಿಟ್ಟದ್ದು. ನಾನು ಪೂರಾ ಹೇಳಿಬಿಟ್ಟೆ. ಮಗಳು ಅಳಲಿಲ್ಲ, ‘ಅವಳಿಗೆ ನಮ್ಮ ಭಾಷೆ ಹೇಳ್ಕೊಡೋ ಬದಲು ಅವಳ ಭಾಷೆ ಯಾಕೆ ಕಲೀಲಿಲ್ಲ?’ ಅಂತ ಸಿಟ್ಟು ಮಾಡಿಕೊಂಡಳು. ಈಗಲೂ ಮಲಗುವಾಗ ಆ ಕತೆ ಬೇಕು. ಆದರೆ ಅವಳನ್ನು ಕರೆದೊಯ್ಯುವ ಹಡಗು ದ್ವೀಪ ಬಿಡುವಲ್ಲಿಗೆ ಬರುತ್ತಿದ್ದಂತೆ ‘ಸಾಕಮ್ಮ, ಲೈಟ್ ಆಫ್ ಮಾಡು’ ಅನ್ನುತ್ತಾಳೆ.