ಲೆ ಮಾನ್ಸ್‌ಗೆ ಹೊಸ ಪ್ರೊಟೊಟೈಪ್ ಕಾರು ಮಾಡಲು ಅಷ್ಟು ವರ್ಷ ಯಾಕೆ ಬೇಕು?

ಫಾರ್ಮುಲಾ ಒನ್ ತಂಡಗಳು ವರ್ಷಕ್ಕೊಂದು ಕಾರು ತರುತ್ತವೆ, ಪೋರ್ಷೆಯಂಥ ಕಂಪನಿಗೆ ಫ್ರಾನ್ಸ್‌ನ 24 ಗಂಟೆಯ ಲೆ ಮಾನ್ಸ್ ರೇಸಿಗೆ ಪ್ರೊಟೊಟೈಪ್ (ರೇಸಿಗೆಂದೇ ಮಾಡುವ ಕಾರು) ತರಲು ಮೂರು ವರ್ಷ ಯಾಕೆ ಬೇಕಾಯಿತು, ದುಡ್ಡಿನ ಕೊರತೆಯಾ ಅಂತ ಕೇಳಿದ್ದೀರಿ.

ದುಡ್ಡಿಗೇನೂ ಕಮ್ಮಿ ಇರಲಿಲ್ಲ. ಬರೀ ವೇಗದ ಕಾರು ಬೇಕಿದ್ದರೆ ಬೇಗ ಆಗುತ್ತದೆ. ಆದರೆ ಫಾರ್ಮುಲಾ ಒನ್ ರೇಸ್ ಸುಮಾರು 305 ಕಿ.ಮೀ. 2015ರಲ್ಲಿ ಲೆ ಮಾನ್ಸ್ ಗೆದ್ದ ಪೋರ್ಷೆ 24 ಗಂಟೆಯಲ್ಲಿ 395 ಸುತ್ತು, ಅಂದರೆ 5,300 ಕಿ.ಮೀ.ಗೂ ಜಾಸ್ತಿ ಓಡಿತು. ಹದಿನೇಳು ಫಾರ್ಮುಲಾ ಒನ್ ರೇಸ್‌ಗಳನ್ನು ಒಂದೇ ಕಾರು ಒಂದೇ ದಿನದಲ್ಲಿ ಓಡಿದ ಹಾಗೆ. ವರ್ಷಗಳು ಹೋಗುವುದು ಇದಕ್ಕೆ.

ಪೋರ್ಷೆ 919 ಹೈಬ್ರಿಡ್ (ಎಂಜಿನ್ ಜೊತೆ ಕರೆಂಟಿನ ಮೋಟರೂ ಇರುವ ಕಾರು) ಕತೆಯನ್ನೇ ನೋಡಿ. ಲೆ ಮಾನ್ಸ್‌ಗೆ ಮರಳಿ ಬರುತ್ತೇವೆ ಅಂತ ಪೋರ್ಷೆ ಹೇಳಿದ್ದು 2011ರಲ್ಲಿ. ಜರ್ಮನಿಯ ವೈಸಾಖ್‌ನಲ್ಲಿ ಕಾರು ಮೊದಲು ಓಡಿದ್ದು 2013ರ ಜೂನ್‌ನಲ್ಲಿ. 2014ಕ್ಕೆ ಬಂದ ಹೊಸ ನಿಯಮ ಎಂಜಿನ್ ಎಷ್ಟು ದೊಡ್ಡದಿರಬೇಕು ಅಂತ ಹೇಳಲಿಲ್ಲ, ಒಂದೊಂದು ಸುತ್ತಿಗೂ ಇಷ್ಟೇ ಇಂಧನ ಅಂತ ಹೇಳಿತು. ಹಾಗಾಗಿ ಒಂದೇ ನಿಯಮದಿಂದ ಮೂರು ಬೇರೆ ಬೇರೆ ಕಾರು ಹುಟ್ಟಿದವು. ಆಡಿ ಡೀಸೆಲ್ ವಿ6 (ಆರು ಸಿಲಿಂಡರಿನ ಎಂಜಿನ್) ತಂದಿತು, ಟೊಯೊಟಾ ಟರ್ಬೊ (ಎಕ್ಸಾಸ್ಟ್ ಗಾಳಿಯ ಬಲದಿಂದ ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಸಾಧನ) ಇಲ್ಲದ ಪೆಟ್ರೋಲ್ ವಿ8 ತಂದಿತು. ಪೋರ್ಷೆ ಆರಿಸಿಕೊಂಡದ್ದು ಬರೀ 2 ಲೀಟರಿನ ಟರ್ಬೊ ವಿ4. ಅದರ ಜೊತೆಗೆ ಬ್ರೇಕ್ ಹಾಕಿದಾಗ ಮುಂದಿನ ಚಕ್ರಗಳಿಂದ ಕರೆಂಟ್, ಎಕ್ಸಾಸ್ಟ್ ಗಾಳಿಯಿಂದ ತಿರುಗುವ ಇನ್ನೊಂದು ಟರ್ಬೈನ್‌ನಿಂದಲೂ ಕರೆಂಟ್. ಆಕ್ಸಿಲರೇಟರ್ ಒತ್ತಿ ಓಡುವಾಗಲೂ ಬ್ಯಾಟರಿ ಚಾರ್ಜ್ ಆಗುತ್ತಿತ್ತು! ನನ್ನ ಮಟ್ಟಿಗೆ ಆ ಕಾಲದ ಅತಿ ಚೆಂದದ ಯೋಚನೆ ಇದು.

ಕಾಗದದ ಮೇಲೆ ಎಲ್ಲ ಸರಿ ಇತ್ತು. ಓಡಿಸಿದಾಗ ಎಂಜಿನ್ ವಿಪರೀತ ನಡುಗಿತು. ಎಷ್ಟು ಅಂದರೆ ಸಿಲಿಂಡರ್‌ಗಳು ಉರಿಯುವ ಸರದಿಯನ್ನೇ ಬದಲಿಸಿ, ಕ್ರ್ಯಾಂಕ್‌ಶಾಫ್ಟ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಹೊಸದಾಗಿ ಮಾಡಬೇಕಾಯಿತು.

ನಡುಗಿದರೆ ಏನಾಯ್ತು ಅಂತ ಅನ್ನಿಸಬಹುದು. ನಾನು ವಾಹನದ ಬಿಡಿಭಾಗ ಟೆಸ್ಟ್ ಮಾಡುವ ಕೆಲಸದಲ್ಲಿದ್ದೇನೆ. ವೈರಿಂಗ್ ಕನೆಕ್ಟರನ್ನು ಶೇಕರ್ ಮೇಲೆ ಕಟ್ಟಿ ಗಂಟೆಗಟ್ಟಲೆ ಅಲುಗಾಡಿಸುತ್ತೇವೆ. ಆಮೇಲೆ ನೋಡಿದರೆ ಹೊರಗೆ ಏನೂ ಆಗಿರುವುದಿಲ್ಲ. ಬಿಚ್ಚಿದರೆ ಪಿನ್ನಿನ ತುದಿಯಲ್ಲಿ ಕಪ್ಪು ಪುಡಿ ಕೂತಿರುತ್ತದೆ. ಲೋಹಕ್ಕೆ ಲೋಹ ಉಜ್ಜಿ ಉಜ್ಜಿ ಬಂದದ್ದು. ಅಲ್ಲಿ ಕರೆಂಟ್ ಸರಿಯಾಗಿ ಹರಿಯಲ್ಲ. ಸೆನ್ಸರ್ ಒಮ್ಮೆ ಸರಿ ಹೇಳುತ್ತದೆ, ಒಮ್ಮೆ ತಪ್ಪು. ಇಂಥದ್ದು ಹತ್ತು ಸುತ್ತಿನಲ್ಲಿ ಗೊತ್ತೇ ಆಗಲ್ಲ. ನೂರಾರು ಸುತ್ತು ಆದ ಮೇಲೆ, ನಡುರಾತ್ರಿಯಲ್ಲಿ ಗೊತ್ತಾಗುತ್ತದೆ. ಅದಕ್ಕೇ ಈ ತಂಡಗಳು ರೇಸಿಗಿಂತ ಉದ್ದದ ಟೆಸ್ಟ್ ಮಾಡುತ್ತವೆ. ಮುರಿಯುವುದೆಲ್ಲ ಅಲ್ಲೇ ಮುರಿಯಲಿ ಅಂತ.

ಇಷ್ಟೆಲ್ಲ ಮಾಡಿಯೂ 2014ರ ಲೆ ಮಾನ್ಸ್ ಪೋರ್ಷೆಗೆ ದಕ್ಕಲಿಲ್ಲ. ಚಾಲಕ ಮಾರ್ಕ್ ವೆಬರ್ ಇದ್ದ ಕಾರಿನ ಎಂಜಿನ್ ಕೊನೇ ಗಂಟೆಗಳಲ್ಲಿ ಕೈಕೊಟ್ಟಿತು. ಗೆಲುವು 2015, 2016, 2017ರಲ್ಲಿ ಸಾಲಾಗಿ ಬಂತು.

2017ರ ಗೆಲುವನ್ನು ನೀವು ಖಂಡಿತ ನೋಡಬೇಕು. ರೇಸ್ ಶುರುವಾದ ಕೆಲವೇ ಗಂಟೆಯಲ್ಲಿ ಪೋರ್ಷೆಯ 2ನೇ ನಂಬರಿನ ಕಾರಿನ ಮುಂದಿನ ಚಕ್ರಗಳ ಮೋಟರ್ ಕೆಟ್ಟಿತು. ಒಂದು ಗಂಟೆಗೂ ಜಾಸ್ತಿ ಹೊತ್ತು ಗ್ಯಾರೇಜಿನಲ್ಲೇ ನಿಂತು, ಸಾಲಿನ ಕೊನೆಗೆ ಬಿತ್ತು. ಮೆಕ್ಯಾನಿಕ್‌ಗಳು ಮೋಟರ್ ಬದಲಿಸಿ ಕಳಿಸಿದರು. ಮುಂದಿದ್ದ ಹೈಬ್ರಿಡ್ ಕಾರುಗಳು ಒಂದೊಂದಾಗಿ ಕೆಟ್ಟವು, ಉಳಿದವರನ್ನು ಹಿಂದೆ ಹಾಕಿ ಇದೇ ಕಾರು ಗೆದ್ದಿತು. ಯಾವ ಭಾಗ ಎಷ್ಟು ಬೇಗ ಬಿಚ್ಚಿ ಹಾಕಬಹುದು ಅನ್ನುವುದನ್ನೂ ಕಾರು ಡಿಸೈನ್ ಮಾಡುವಾಗಲೇ ಯೋಚಿಸಿರಬೇಕು, ಅಲ್ವಾ?

ಇದರ ತದ್ವಿರುದ್ಧ 2015ರ ನಿಸ್ಸಾನ್ ಜಿಟಿ-ಆರ್ ಎಲ್‌ಎಂ. ಎಂಜಿನ್ ಮುಂದೆ, ಮುಂದಿನ ಚಕ್ರಕ್ಕೇ ಶಕ್ತಿ, ತುಂಬಾ ಧೈರ್ಯದ ಡಿಸೈನ್. ಆದರೆ ಹೈಬ್ರಿಡ್ ಭಾಗ ಹೊತ್ತಿಗೆ ಸಿದ್ಧವಾಗಲಿಲ್ಲ. ಕಾರು ನಿಧಾನ ಮಾಡುವಾಗ ಅದು ಹೀರಬೇಕಿದ್ದ ಹೊರೆಯೆಲ್ಲ ಬ್ರೇಕಿನ ಮೇಲೆ ಬಿತ್ತು. ಮೂರು ಕಾರು ಇಳಿದವು, ಒಂದಕ್ಕೂ ಫಲಿತಾಂಶದ ಪಟ್ಟಿಯಲ್ಲಿ ಸ್ಥಾನ ಸಿಗಲಿಲ್ಲ. ಆ ವರ್ಷದ ಡಿಸೆಂಬರ್‌ನಲ್ಲಿ ಕಂಪನಿ ಯೋಜನೆಯನ್ನೇ ಕೈಬಿಟ್ಟಿತು. ಇನ್ನೊಂದು ವರ್ಷ ಟೆಸ್ಟ್ ಮಾಡಲು ಬಿಟ್ಟಿದ್ದರೆ ಅಂತ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಹಾಗಾದರೆ ಫೆರಾರಿ 499ಪಿ 2023ರಲ್ಲಿ ಮೊದಲ ಪ್ರಯತ್ನದಲ್ಲೇ ಗೆದ್ದದ್ದು ಹೇಗೆ ಅಂತ ನೀವು ಕೇಳಬಹುದು. ಅಲ್ಲೂ ಲೆಕ್ಕ ಹಾಕಿ ನೋಡಿ. ಬರುತ್ತೇವೆ ಅಂತ ಹೇಳಿದ್ದು 2021ರ ಫೆಬ್ರವರಿಯಲ್ಲಿ, ಕಾರು ಮೊದಲು ಓಡಿದ್ದು 2022ರ ಜುಲೈನಲ್ಲಿ. ಮೊದಲ ಲೆ ಮಾನ್ಸ್‌ಗೆ ಬರುವ ಹೊತ್ತಿಗೆ ಎರಡು ವರ್ಷ ದಾಟಿತ್ತು. ಅದರಲ್ಲಿ ಹತ್ತಿರ ಹತ್ತಿರ ಒಂದು ವರ್ಷ ಟ್ರ್ಯಾಕ್ ಮೇಲೇ ಕಳೆದಿತ್ತು.