ಗೋಲಿಯ ಕೂಗು ಯಾವ ಭಾಷೆಯದು?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ನಿವೃತ್ತ ಕನ್ನಡ ಅಧ್ಯಾಪಕರೊಬ್ಬರು ಪತ್ರ ಬರೆದಿದ್ದಾರೆ. ನಮ್ಮ ಗಡಿಯ ಕಾಲೇಜು ತಂಡವೊಂದು ಅಂತರ ಕಾಲೇಜು ಫುಟ್‌ಬಾಲಿನಲ್ಲಿ ಚಾಂಪಿಯನ್ ಆದ ಕಥೆಗೆ ಕಳೆದ ಸಂಚಿಕೆಯಲ್ಲಿ ಐದು ಪುಟ ಕೊಟ್ಟಿದ್ದೆವು. ಅವರ ಪ್ರಶ್ನೆ ನೇರವಾಗಿದೆ: 'ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರು ಬರುತ್ತಿರುವ ಕಾಲ ಇದು. ಈಗ ಕನ್ನಡ ಪತ್ರಿಕೆಯ ಐದು ಪುಟ ಮಲಯಾಳಿಗಳ ಆಟಕ್ಕೆ ಯಾಕೆ?'

ಮಾಷ್ಟ್ರೇ, ನಮಸ್ಕಾರ.

ನಿಮ್ಮ ಸಿಟ್ಟಿನಲ್ಲಿ ತಪ್ಪೇನೂ ಇಲ್ಲ. ಅಧ್ಯಾಪಕರ ನೇಮಕದ ವಿಷಯ ನಾವು ಇನ್ನೂ ಜಾಸ್ತಿ ಬರೆಯಬೇಕು, ಬರೆಯುತ್ತೇವೆ. ಆದರೆ 'ಮಲಯಾಳಿಗಳ ಆಟ' ಎಂಬ ಮಾತನ್ನು ಸುಮ್ನೆ ಬಿಡಲು ಮನಸ್ಸು ಬರುವುದಿಲ್ಲ. ರಾಜ್ಯ ತಂಡಗಳ ರಾಷ್ಟ್ರೀಯ ಫುಟ್‌ಬಾಲ್ ಪಂದ್ಯಾವಳಿಯಾದ ಸಂತೋಷ್ ಟ್ರೋಫಿಯನ್ನು ಕೇರಳ ಮೊದಲು ಗೆದ್ದದ್ದು 1973ರಲ್ಲಿ. ಅಷ್ಟರೊಳಗೆ ಮೈಸೂರು (ಈಗಿನ ಕರ್ನಾಟಕ) ತಂಡ ಅದನ್ನು ನಾಲ್ಕು ಸಲ ಗೆದ್ದಾಗಿತ್ತು: 1946-47, 1952-53, ಆಮೇಲೆ 1967-68 ಮತ್ತು 1968-69. ಕನ್ನಡದ ಊರುಗಳಲ್ಲೂ ಈ ಆಟ ಮೊದಲಿಂದ ಇದೆ. ನಾವು ಮರೆತೆವು, ಅವರು ಮರೆಯಲಿಲ್ಲ, ಅಷ್ಟೇ ವ್ಯತ್ಯಾಸ.

ಇನ್ನು ಆ ತಂಡದ ಮಾತು. ಐದು ಪುಟದಲ್ಲೂ ನಾವು ಸರಿಯಾಗಿ ಹೇಳದೆ ಬಿಟ್ಟ ಒಂದು ಸಂಗತಿ ಇದೆ. ಅದನ್ನು ನಿಮಗೇ ಹೇಳಬೇಕು, ಯಾಕೆಂದರೆ ಅದು ವ್ಯಾಕರಣದ ವಿಷಯ.

ತಂಡದ ಗೋಲಿ, ಅಂದರೆ ಗೋಲ್‌ಕೀಪರ್, ಹತ್ತನೆಯವರೆಗೂ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ. ಅವನ ಮುಂದೆ ನಿಲ್ಲುವ ಇಬ್ಬರು ಬ್ಯಾಕ್‌ಗಳಲ್ಲಿ ಒಬ್ಬನದು ಮಲಯಾಳ ಮನೆಮಾತು, ಇನ್ನೊಬ್ಬನದು ತುಳು. ಮೊದಲ ಪಂದ್ಯದಲ್ಲಿ ಎದುರಾಳಿಗಳು ಚೆಂಡನ್ನು ಎತ್ತರಕ್ಕೆ ಹೊಡೆದು ಗೋಲಿನ ಮುಂದೆ ಇಳಿಸಿದರು. ಗೋಲಿ 'ನಂದು!' ಎಂದು ಕೂಗಿ ಹೊರಗೆ ಓಡಿ ಬಂದ. ಮಲಯಾಳದ ಹುಡುಗನಿಗೆ ಆ ಗದ್ದಲದಲ್ಲಿ ಅದು ತಲೆಗೆ ಹೋಗಲಿಲ್ಲ. ತಾನೂ ಹಾರಿ ತಲೆ ಕೊಟ್ಟ. ಚೆಂಡು ಗೋಲಿಯ ಮೇಲಿಂದ ಹೋಗಿ ತಮ್ಮದೇ ಬಲೆಯೊಳಗೆ ಬಿತ್ತು. ಆ ಪಂದ್ಯ ಸೋತರು. ಇಡೀ ಋತುವಿನಲ್ಲಿ ಸೋತದ್ದು ಅದೊಂದೇ.

ಮರುದಿನ ಮೈದಾನದ ಬದಿಯ ಮುರಕಲ್ಲಿನ ಕಟ್ಟೆಯ ಮೇಲೆ ಕೂತು ಹುಡುಗರೇ ಒಂದು ತೀರ್ಮಾನ ಮಾಡಿದರು. ಇನ್ನು ಮೇಲೆ ಕೂಗುವುದಾದರೆ 'ಬಿಡು' ಎಂದೇ ಕೂಗಬೇಕು. ಕನ್ನಡದಲ್ಲಿ ಬಿಡು, ತುಳುವಿನಲ್ಲಿ ಬುಡು, ಮಲಯಾಳದಲ್ಲಿ ವಿಡ್. ಯಾರ ಬಾಯಲ್ಲಿ ಬಂದರೂ ಯಾರ ಕಿವಿಗೂ ತಿಳಿಯುತ್ತದೆ. ನಮ್ಮ ಬಕಾರ ಮಲಯಾಳದಲ್ಲಿ ವಕಾರ. ಬಾ ಎಂದರೆ ವಾ, ಬೇಲಿ ಎಂದರೆ ವೇಲಿ, ಬಿತ್ತು (ಬೀಜ) ಎಂದರೆ ವಿತ್ತ್. ಹಳೆಗನ್ನಡ ಪಾಠ ಮಾಡಿದ ನಿಮಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಈ ಹುಡುಗರಿಗೆ ಯಾರೂ ಅದನ್ನು ಕಲಿಸಿರಲಿಲ್ಲ. ಒಂದು ಗೋಲು ಬಿಟ್ಟುಕೊಟ್ಟು ತಾವೇ ಕಂಡುಕೊಂಡರು.

ಋತು ಮುಗಿಯುವ ಹೊತ್ತಿಗೆ ಇನ್ನೊಂದು ಆಗಿತ್ತು. ಹಿಂದೆ ನಿಲ್ಲುವವರೆಲ್ಲ 'ಎಡಕ್ಕೆ', 'ಬಲಕ್ಕೆ', 'ಹಿಂದೆ ಆಳಿದ್ದಾನೆ' ಎಂದು ಕನ್ನಡದಲ್ಲೇ ಕೂಗುತ್ತಿದ್ದರು. ಇಡೀ ಮೈದಾನ ಕಾಣುವುದು ಗೋಲಿಗೆ ಮಾತ್ರ, ಅಲ್ವಾ? ಹಾಗಾಗಿ ಬಾಕಿಯವರು ಅವನ ಮಾತನ್ನು ಕಲಿತರು. ಮುಂದೆ ಆಡುವವರದು ಮಲಯಾಳ, 'ಇಂಗೋಟ್ಟ್ ತಾ' ಎಂದೇ ಚೆಂಡು ಕೇಳುವುದು. ಅದನ್ನು ನಮ್ಮ ಗೋಲಿ ಕಲಿತ. ಕಾಸರಗೋಡಿನಲ್ಲಿ ಕನ್ನಡವನ್ನು ಬೇರೆ ಮನೆಮಾತಿನ ಹುಡುಗರು ತಾವಾಗಿ ಕಲಿತ ಸುದ್ದಿ ಕನ್ನಡ ಪತ್ರಿಕೆಯಲ್ಲಿ ಬರದೆ ಎಲ್ಲಿ ಬರಬೇಕು ಮಾಷ್ಟ್ರೇ?

ಆಟದ ಕಷ್ಟ ಬೇರೆಯೇ ಇತ್ತು. ಇವರಲ್ಲಿ ಮುಕ್ಕಾಲು ಪಾಲು ಹುಡುಗರು ಸೆವೆನ್ಸ್ ಆಡಿ ಬೆಳೆದವರು. ಕೊಯ್ಲು ಮುಗಿದ ಗದ್ದೆ, ರಾತ್ರಿಯ ದೀಪ, ಒಂದೊಂದು ಕಡೆಗೆ ಏಳೇ ಜನ. ಸಣ್ಣ ಜಾಗ. ಕಾಲಿಗೆ ಚೆಂಡು ಬಂದ ಕೂಡಲೇ ಹೊಡೆಯಬೇಕು, ಇಲ್ಲವಾದರೆ ಮೈಮೇಲೆ ಆಳು ಬೀಳುತ್ತಾನೆ. ಅಲ್ಲಿ ಆಫ್‌ಸೈಡ್ ಕೂಡ ಇಲ್ಲ. ಎದುರಾಳಿ ಗೋಲಿನ ಹತ್ತಿರವೇ ನಿಂತು ಕಾಯಬಹುದು. ಹನ್ನೊಂದು ಜನರ ಆಟದಲ್ಲಿ ಹಾಗೆ ನಿಂತರೆ ಸೀಟಿ ಬೀಳುತ್ತದೆ. ಚೆಂಡು ಹೊರಡುವವರೆಗೂ ಎದುರಾಳಿಯ ಕೊನೆಯ ಬ್ಯಾಕಿನಿಂದ ಈಚೆ ಇರಬೇಕು, ಹೊರಟ ಕ್ಷಣ ಓಡಬೇಕು. ನಮ್ಮ ಫಾರ್ವರ್ಡ್ ಮೊದಲ ಎರಡು ಪಂದ್ಯಗಳಲ್ಲಿ ಮತ್ತೆ ಮತ್ತೆ ಸಿಕ್ಕಿಬಿದ್ದ. 90 ನಿಮಿಷ ಓಡುವ ಉಸಿರೂ ಇರಲಿಲ್ಲ. ಕೋಚ್ ಅವನ ಸೆವೆನ್ಸ್ ಚುರುಕನ್ನು ಅಳಿಸಲು ಹೋಗಲಿಲ್ಲ. ಕಾಯುವುದನ್ನು ಮಾತ್ರ ಕಲಿಸಿದರು. ಕೋಚ್ ಮಾಡಿದ ದೊಡ್ಡ ಕೆಲಸ ಅದೇ ಎಂದು ನನಗೆ ಅನಿಸುತ್ತದೆ. ಫೈನಲಿನ ಒಂದೇ ಗೋಲು ಬಂದದ್ದು ಹಾಗೆ ಕಾದು ಓಡಿದ ಓಟದಿಂದ.

ನಮ್ಮದೇ ಜಿಲ್ಲೆಯ ತೃಕ್ಕರಿಪುರದ ಮೊಹಮ್ಮದ್ ರಫಿ 2016ರ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲಿನಲ್ಲಿ ಕೇರಳ ಬ್ಲಾಸ್ಟರ್ಸ್ ಪರವಾಗಿ ತಲೆಯಲ್ಲಿ ಹೊಡೆದ ಗೋಲು ಈ ಹುಡುಗರಿಗೆ ಬಾಯಿಪಾಠ. ಕೊನೆಗೆ ಪೆನಾಲ್ಟಿಯಲ್ಲಿ ಕೊಲ್ಕತ್ತಾ ಗೆದ್ದಿತು ನಿಜ, ಆದರೂ ಅವರು ಹೇಳುವುದು ಆ ಗೋಲಿನ ಕಥೆ.

ಗಡಿಯವರ ಎದೆ ಎರಡು ಕಡೆಗೂ ಹೊಡೆದುಕೊಳ್ಳುತ್ತದೆ. 2022ರ ಏಪ್ರಿಲ್ 28ರಂದು ಮಂಜೇರಿಯಲ್ಲಿ ಸಂತೋಷ್ ಟ್ರೋಫಿಯ ಸೆಮಿಫೈನಲ್. ಕೇರಳ 7, ಕರ್ನಾಟಕ 3. ಬದಲಿ ಆಟಗಾರನಾಗಿ ಇಳಿದ ಜೆಸಿನ್ ಒಬ್ಬನೇ ಐದು ಗೋಲು ಹೊಡೆದ. ಆ ದಿನ ನಾನು ಯಾರಿಗೆ ಚಪ್ಪಾಳೆ ತಟ್ಟಬೇಕೆಂದು ತಿಳಿಯದೆ ಕೂತಿದ್ದೆ. ಮರುವರ್ಷ ಮಾರ್ಚ್ 4ರಂದು ರಿಯಾದಿನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ, 54 ವರ್ಷಗಳ ಮೇಲೆ ಟ್ರೋಫಿ ತಂದಿತು. ಕಣ್ಣು ಒದ್ದೆಯಾಗಿತ್ತು, ನಿಮ್ಮಲ್ಲಿ ಮುಚ್ಚಿಡುವುದೇನು.

ಎರಡು ಕೋರಿಕೆ ಇದೆ. ಅಧ್ಯಾಪಕರ ನೇಮಕದ ಬಗ್ಗೆ ನೀವೇ ಬರೆದು ಕಳುಹಿಸಿ. ಅದಕ್ಕೂ ಐದು ಪುಟ ಕಾದಿದೆ. ಮಳೆ ಹಿಡಿಯುವ ಮೊದಲು ಒಂದು ಸಂಜೆ ಮೈದಾನಕ್ಕೂ ಬನ್ನಿ, ನಾನೇ ಬಂದು ಕರೆದುಕೊಂಡು ಹೋಗುತ್ತೇನೆ. ನಾಲ್ಕೂವರೆಗೆ ಅಭ್ಯಾಸ ಶುರು. ಗೋಲಿನ ಹಿಂದಿನ ಕಟ್ಟೆಯಲ್ಲಿ ಕೂರೋಣ. ಅಲ್ಲಿಗೆ ಕೂಗು ಚೆನ್ನಾಗಿ ಕೇಳುತ್ತದೆ.

ಸಂಪಾದಕ