ರಿಡಕ್ಷನ್ ಎಲ್ಲಿಂದ ಎಲ್ಲಿಗೆ?

ಪ್ರಶ್ನೆ: ನಾನು ಕಂಪ್ಯೂಟರ್ ಸೈನ್ಸ್ ಮೂರನೇ ವರ್ಷದಲ್ಲಿದ್ದೇನೆ. ಅಲ್ಗಾರಿದಮ್ ಡಿಸೈನ್ ಪಾಠ ಕೇಳುವಾಗ ಎಲ್ಲಾ ಅರ್ಥವಾಗುತ್ತದೆ. ಹೊಸ ಲೆಕ್ಕ ಕೊಟ್ಟರೆ ಗ್ರೀಡಿಯೋ, ಡೈನಾಮಿಕ್ ಪ್ರೋಗ್ರಾಮಿಂಗೋ ತಿಳಿಯುವುದಿಲ್ಲ. ಎನ್‌ಪಿ-ಕಂಪ್ಲೀಟ್ ಅಧ್ಯಾಯದಲ್ಲಂತೂ ರಿಡಕ್ಷನ್ ಪ್ರತಿ ಸಲ ಉಲ್ಟಾ ಬರೆಯುತ್ತೇನೆ. ಕೋಡ್ ಬಂದರೆ ಸಾಲದೇ, ಈ ಪ್ರೂಫ್‌ಗಳೆಲ್ಲ ಬೇಕಾ?

ಉತ್ತರ: ಬೇಕು. ನಿಮ್ಮ ಮೊದಲ ತೊಂದರೆಗೆ ಮದ್ದು ಇರುವುದೇ ಅಲ್ಲಿ.

ಗ್ರೀಡಿ ಅಂದರೆ ಪ್ರತಿ ಹೆಜ್ಜೆಯಲ್ಲೂ ಆ ಕ್ಷಣಕ್ಕೆ ಒಳ್ಳೆಯದೆನಿಸಿದ್ದನ್ನು ಎತ್ತುತ್ತಾ ಹೋಗುವುದು. ಅದು ಹೊಳೆದ ತಕ್ಷಣ ಕೋಡ್ ಬರೆಯಲು ಕೂರಬೇಡಿ. ಮೊದಲು ಅದನ್ನು ಕೆಡವಲು ನೋಡಿ. 1, 3, 4ರ ನಾಣ್ಯಗಳಿವೆ, ಆದಷ್ಟು ಕಡಿಮೆ ನಾಣ್ಯದಲ್ಲಿ 6 ಮಾಡಬೇಕು ಅಂದುಕೊಳ್ಳಿ. ದೊಡ್ಡದನ್ನೇ ಮೊದಲು ಎತ್ತಿದರೆ 4, 1, 1 ಹೀಗೆ ಮೂರು ಬೇಕು. 3, 3 ತೆಗೆದುಕೊಂಡಿದ್ದರೆ ಎರಡೇ ಸಾಕಿತ್ತು. 4 ಎತ್ತಿದ ಮೇಲೆ ಉಳಿಯುವ 2ರ ಗತಿ ಏನು ಅಂತ ಗ್ರೀಡಿ ನೋಡಲೇ ಇಲ್ಲ. ಹಾಗಾಗಿ ಕೊನೆಯ ನಾಣ್ಯ 1, 3, 4 ಯಾವುದೂ ಆಗಿರಬಹುದು ಎಂದು ಮೂರನ್ನೂ ಪರೀಕ್ಷಿಸಬೇಕು. ಚಿಕ್ಕ ಮೊತ್ತಗಳ ಉತ್ತರ ಬರೆದಿಟ್ಟುಕೊಂಡು ಮೇಲೆ ಹೋಗಬೇಕು. ಡೈನಾಮಿಕ್ ಪ್ರೋಗ್ರಾಮಿಂಗ್ ಅಂದರೆ ಅದೇ. ಎಷ್ಟು ಕೆಡವಿದರೂ ಗ್ರೀಡಿ ಬೀಳದಿದ್ದರೆ, ಯಾಕೆ ಬೀಳುತ್ತಿಲ್ಲ ಅಂತ ಕೇಳಿಕೊಳ್ಳಿ. ಪ್ರೂಫ್ ಅಲ್ಲಿಂದ ಶುರುವಾಗುತ್ತದೆ.

ಇನ್ನು ರಿಡಕ್ಷನ್, ಅಂದರೆ ಒಂದು ಲೆಕ್ಕವನ್ನು ಇನ್ನೊಂದರ ರೂಪಕ್ಕೆ ಬದಲಾಯಿಸುವುದು. ಇದರಲ್ಲಿ ಎಡವದವರು ಕಡಿಮೆ. ಹೊಸ ಲೆಕ್ಕವನ್ನು ಸ್ಯಾಟ್‌ಗೆ (ಒಂದು ತರ್ಕ ಸೂತ್ರವನ್ನು ನಿಜ ಮಾಡುವಂತೆ ಅದರ ಅಕ್ಷರಗಳಿಗೆ ನಿಜ, ಸುಳ್ಳು ಕೊಡಬಹುದಾ ಎಂಬ ಲೆಕ್ಕಕ್ಕೆ) ಬದಲಾಯಿಸಿ, ಕಷ್ಟ ಅಂತ ಸಾಬೀತಾಯಿತು ಎಂದು ಬರೆದುಬಿಡುತ್ತಾರೆ. ಸಾರ್ಟಿಂಗನ್ನೂ ಸ್ಯಾಟ್ ರೂಪದಲ್ಲಿ ಬರೆಯಬಹುದು. ಅಷ್ಟಕ್ಕೇ ಸಾರ್ಟಿಂಗ್ ಕಷ್ಟವಾಗುತ್ತದಾ? ಇಲ್ಲ ಅಲ್ವಾ. ಕಷ್ಟ ಎಂದು ಗೊತ್ತಿರುವ ಲೆಕ್ಕದಿಂದ ಹೊರಟು ಹೊಸದಕ್ಕೆ ಬರಬೇಕು. ಕಂಪ್ಯೂಟರ್ ವಿಜ್ಞಾನಿ ಸ್ಟೀಫನ್ ಕುಕ್ 1971ರಲ್ಲಿ ಸ್ಯಾಟ್ ಎನ್‌ಪಿ-ಕಂಪ್ಲೀಟ್ ಎಂದು, ಅಂದರೆ ಕೊಟ್ಟ ಉತ್ತರ ಸರಿಯೇ ಎಂದು ಬೇಗ ನೋಡಬಹುದಾದ ಲೆಕ್ಕಗಳಲ್ಲೇ ಅತಿ ಕಷ್ಟದ್ದು ಎಂದು, ತೋರಿಸಿದರು. 1972ರಲ್ಲಿ ರಿಚರ್ಡ್ ಕಾರ್ಪ್ ಅಲ್ಲಿಂದಲೇ ಹೊರಟು ಇಂಥ 21 ಲೆಕ್ಕಗಳ ಪಟ್ಟಿ ಕೊಟ್ಟರು. ನೀವು ಪ್ರತಿ ಸಲ ಇದೊಂದು ಕೇಳಿಕೊಳ್ಳಿ: ಹೊಸ ಲೆಕ್ಕಕ್ಕೆ ಯಾರೋ ವೇಗದ ಪ್ರೋಗ್ರಾಂ ಕೊಟ್ಟರೆ, ಅದನ್ನಿಟ್ಟುಕೊಂಡು ಹಳೆಯ ಕಷ್ಟದ ಲೆಕ್ಕ ಬೇಗ ಬಿಡಿಸಬಹುದಾ?

ಕಲಿಯಲು ಇಂಡಿಪೆಂಡೆಂಟ್ ಸೆಟ್, ವರ್ಟೆಕ್ಸ್ ಕವರ್ ಜೋಡಿ ಒಳ್ಳೆಯದು. ಗ್ರಾಫ್ ಅಂದರೆ ನೋಡ್ ಎಂಬ ಬಿಂದುಗಳು, ಅವುಗಳನ್ನು ಎರಡೆರಡಾಗಿ ಸೇರಿಸುವ ಎಡ್ಜ್ ಎಂಬ ಗೆರೆಗಳು. ತಮ್ಮ ನಡುವೆ ಎಡ್ಜ್ ಇಲ್ಲದ ನೋಡ್‌ಗಳ ಗುಂಪು ಇಂಡಿಪೆಂಡೆಂಟ್ ಸೆಟ್, ಎಲ್ಲಾ ಎಡ್ಜ್‌ಗಳನ್ನೂ ಮುಟ್ಟುವ ಗುಂಪು ವರ್ಟೆಕ್ಸ್ ಕವರ್. 10 ನೋಡ್‌ಗಳ ಗ್ರಾಫ್‌ನಲ್ಲಿ ತಮ್ಮ ನಡುವೆ ಎಡ್ಜ್ ಇಲ್ಲದ 4 ನೋಡ್ ಇದ್ದರೆ, ಉಳಿದ 6 ಎಲ್ಲಾ ಎಡ್ಜ್‌ಗಳನ್ನೂ ಮುಟ್ಟುತ್ತವೆ. 6 ನೋಡ್ ಎಲ್ಲಾ ಎಡ್ಜ್ ಮುಟ್ಟಿದರೆ, ಉಳಿದ 4ರ ನಡುವೆ ಎಡ್ಜ್ ಇರಲಾರದು. ಎರಡೂ ವಾಕ್ಯ ಬರೆಯಲೇಬೇಕು. ಎರಡನೆಯದನ್ನು ಬಿಟ್ಟು ಅಂಕ ಕಳೆದುಕೊಳ್ಳುವವರೇ ಜಾಸ್ತಿ.

ಕೋಡ್ ಸಾಲದೇ ಎಂದಿರಿ. 60 ವಸ್ತುಗಳ ಎಲ್ಲಾ ಗುಂಪುಗಳನ್ನೂ ಸೆಕೆಂಡಿಗೆ 100 ಕೋಟಿಯಂತೆ ನೋಡಿದರೂ ಸುಮಾರು 36 ವರ್ಷ ಬೇಕು. 1000 ಪಟ್ಟು ವೇಗದ ಯಂತ್ರ ತಂದರೆ ಅಷ್ಟೇ ಸಮಯದಲ್ಲಿ ಹೆಚ್ಚೆಂದರೆ ಇನ್ನು 10 ವಸ್ತು ಸೇರಿಸಬಹುದು. ಲೆಕ್ಕ ಎನ್‌ಪಿ-ಕಂಪ್ಲೀಟ್ ಎಂದು ಗೊತ್ತಾದರೆ ಪೂರ್ತಿ ಉತ್ತರದ ಹಟ ಬಿಟ್ಟು ಹತ್ತಿರದ ಉತ್ತರ ಹುಡುಕಬಹುದು. ವರ್ಟೆಕ್ಸ್ ಕವರ್‌ಗೆ ಸುಲಭದ ದಾರಿಯಿದೆ: ಇನ್ನೂ ಮುಟ್ಟದ ಒಂದು ಎಡ್ಜ್ ಹಿಡಿಯಿರಿ, ಅದರ ಎರಡೂ ತುದಿ ಸೇರಿಸಿಕೊಳ್ಳಿ, ಎಲ್ಲಾ ಮುಗಿಯುವವರೆಗೆ ಹೀಗೇ ಮಾಡಿ. ಸಿಗುವ ಉತ್ತರ ಅತಿ ಚಿಕ್ಕ ಉತ್ತರದ ಎರಡು ಪಟ್ಟು ಮೀರುವುದಿಲ್ಲ. ಯಾಕೆ ಮೀರುವುದಿಲ್ಲ ಎಂಬ ಪ್ರೂಫ್ ನಾಲ್ಕೇ ಸಾಲಿನದು. ಪುಸ್ತಕ ನೋಡದೆ ಬರೆಯಿರಿ.